ಬೈಕಿಗೆ ನಾನೇ ಮಾಡಿದ ಸ್ಟೀಲ್ ಬ್ರೇಕ್ ಪೈಪು

ನಾನು ಸ್ಪಾನರ್ ಹಿಡಿದು ಕೂತೆನೆಂದರೆ ಎಲ್ಲಿಂದಲೋ ಒಂದು ಫಜೀತಿ ಹುಡುಕಿಕೊಂಡು ಬರುತ್ತದೆ. ಬ್ಯಾಂಕಿನವರು ನನ್ನನ್ನು ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗ ಮಾಡಿದಾಗ ನನ್ನ ಹಳೇ ಬೈಕೂ ಜೊತೆಗೆ ಬಂತು. ಹೋದ ಬೇಸಿಗೆಯಲ್ಲಿ ಅದರ ಮುಂದಿನ ಬ್ರೇಕಿನ ರಬ್ಬರ್ ಪೈಪು ಬಿರುಕು ಬಿಟ್ಟಿತು. ಫೋನಿನಲ್ಲಿ ಎರಡು ವಿಡಿಯೊ ನೋಡಿ, ಸ್ಟೀಲ್ ತಂತಿ ಹೆಣೆದ ಪೈಪನ್ನು ನಾನೇ ಮಾಡುತ್ತೇನೆಂದು ಮನೆಯಲ್ಲಿ ಘೋಷಿಸಿಬಿಟ್ಟೆ.

೧. ಅಂಗಡಿಯಲ್ಲಿ

ಸ್ಟೀಲ್ ತಂತಿಯ ಪೈಪು ಕೇಳಿದ್ದಕ್ಕೆ, ಫತೇಗಂಜ್ ಪೇಟೆಯ ಹಾರ್ಡ್‌ವೇರ್ ಅಂಗಡಿಯವರು ಬಚ್ಚಲುಮನೆಯ ಗೀಸರ್ ಪೈಪು ತೆಗೆದಿಟ್ಟರು.

"ಇದಲ್ಲ, ಬೈಕಿಗೆ ಬೇಕು."

"ಬೈಕ್ ಮೇಲೆ ಸ್ನಾನ ಮಾಡ್ತೀರಾ ಸಾಹೇಬ್?"

"ಅದರಲ್ಲಿ ನೀರು ಹರಿಯಲ್ಲ, ಎಣ್ಣೆ ಹರಿಯತ್ತೆ."

"ಹಂಗನ್ನಿ! ಮೊದಲು ಮಾಲೀಶು, ಆಮೇಲೆ ಸ್ನಾನ!"

೨. ಗರಗಸ

ಕೊನೆಗೆ ಬೇರೆ ಕಡೆ ಸರಿಯಾದ ಪೈಪು ಸಿಕ್ಕಿತು. ಕೊಯ್ಯುವ ಮುಂಚೆ ಬಿಗಿಯಾಗಿ ಟೇಪ್ ಸುತ್ತಬೇಕು. ನಾನು ಸುತ್ತಲಿಲ್ಲ. ಗರಗಸ ತಾಗಿದ್ದೇ ತಡ, ತಂತಿಗಳೆಲ್ಲ ಕೆದರಿದ ತಲೆಗೂದಲಿನ ಹಾಗೆ ಎದ್ದು ನಿಂತು ನಾಲ್ಕು ಬೆರಳಿಗೆ ಚುಚ್ಚಿದವು. ಹೆಂಡತಿ ಬಂದು ಆ ತುಂಡನ್ನು ತಿರುಗಿಸಿ ನೋಡಿದಳು.

"ಚಲೋ ಆತು ಬಿಡ್ರಿ. ಭಾಂಡೆ ತಿಕ್ಕೋ ತಂತಿ ನಿನ್ನೇನ ಮುಗದಿತ್ತು."

ಆ ದಿನ ನಮ್ಮ ಕುಕ್ಕರ್ ಫಳಫಳ ಹೊಳೆಯಿತು. ಬೈಕ್ ನಿಂತಲ್ಲೇ ನಿಂತಿತ್ತು.

೩. ಗಾಳಿ ತೆಗೆದದ್ದು

ಎರಡನೇ ತುಂಡಿಗೆ ಟೇಪ್ ಸುತ್ತಿ, ಕೊಯ್ದು, ಜೋಡಿಸಿದ್ದಾಯಿತು. ಇನ್ನು ಒಳಗಿನ ಗಾಳಿ ತೆಗೆಯಬೇಕು. ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಸಡಿಲಿಸಬೇಕು. ಕೆಳಮನೆಯ ಗುಜರಾತಿ ಕಾಕಾ, ನಿವೃತ್ತ ಮೇಷ್ಟ್ರು, ಉತ್ಸಾಹದಿಂದ ಬಂದರು. ಒತ್ತಿದರು ನೋಡಿ, ಎಣ್ಣೆ ನನ್ನ ಅಂಗಿಗೆಲ್ಲ ಚಿಮ್ಮಿತು. ಗಾಬರಿಯಲ್ಲಿ ಬಾಯಿಂದ ಕನ್ನಡವೇ ಬಂತು: "ಸಾಕು! ಸಾಕು!"

ಕನ್ನಡ ಬಾರದ ಕಾಕಾ ಬ್ರೇಕ್ ಬಿಟ್ಟು ಮನೆಯೊಳಗೆ ಓಡಿದರು. ಏದುಸಿರು ಬಿಡುತ್ತ ಬಂದು ತರಕಾರಿ ಹೆಚ್ಚುವ ಚಾಕು ನನ್ನ ಕೈಗಿಟ್ಟರು.

೪. ಪರೀಕ್ಷೆ

ಅಂತೂ ಗಾಳಿಯೆಲ್ಲ ಹೋಗಿ, ಮರುದಿನ ಬೆಳಿಗ್ಗೆ ಬ್ರೇಕ್ ಹಿಡಿ ಕಲ್ಲಿನಂತೆ ಗಟ್ಟಿಯಾಗಿತ್ತು. ಹೆಂಡತಿ ಮಾತ್ರ ಹಿಂದೆ ಕೂರಲು ಒಪ್ಪಲಿಲ್ಲ. "ಮೊದಲ ನೀವೊಬ್ಬರ ನಿಂತು ತೋರಸ್ರಿ."

ಇಡೀ ಹೌಸಿಂಗ್ ಸೊಸೈಟಿ ಬಾಲ್ಕನಿಗೆ ಬಂತು. ಕಾಕಾಗೆ ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ, ಗೇಟಿನ ಮುಂದೆ ತಮ್ಮ ಹಳೇ ಹಾಸಿಗೆ ತಂದು ಹಾಸಿದರು. ನನಗೆ ಅವಮಾನವಾಯಿತು. ರೊಯ್ಯನೆ ಹೋಗಿ ಬ್ರೇಕ್ ಒತ್ತಿದೆ. ಬೈಕ್ ಹಾಸಿಗೆಯ ಅಂಚಿಗೆ ಸರಿಯಾಗಿ, ಅಡ್ಡ ತಿರುಗಿ ನಿಂತಿತು! ಚಪ್ಪಾಳೆಯೋ ಚಪ್ಪಾಳೆ. ನಾನು ಎದೆಯುಬ್ಬಿಸಿ, ಎರಡೂ ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡುತ್ತ ಇಳಿದೆ.

ಸ್ಟ್ಯಾಂಡ್ ಹಾಕಿರಲಿಲ್ಲ.

ಬೈಕೂ ನಾನೂ ಒಟ್ಟಿಗೆ ಹಾಸಿಗೆಯ ಮೇಲೆ ಮಲಗಿದೆವು. ಕಾಕಾ ಬಗ್ಗಿ, ಸಮಾಧಾನದಿಂದ ಹೇಳಿದರು: "ಬ್ರೇಕ್ ಒಳ್ಳೇದಿದೆ ಭಾಯಿ. ತೊಂದರೆ ಇರೋದು ಡ್ರೈವರಲ್ಲಿ."