ಕೂತಲ್ಲೇ ಸುತ್ತಿದ ಬಯಲು

ಎಲ್ಲ ಅನರ್ಥಕ್ಕೂ ಮೂಲ ಒಂದು ಖಾಲಿ ಸಾಲು.

ಹಳೇ ಊರಿನ ಪ್ರವಾಸ ಕಚೇರಿಯ ಗುಮಾಸ್ತ ಹದಿನಾರು ಪುಟದ ಒಂದು ಪುಸ್ತಿಕೆ ಬರೆದಿದ್ದ. ಕೋಟೆ ಬಾಗಿಲಿನಿಂದ ಸೈಕಲ್ಲಿನಲ್ಲಿ ಹೊರಟು, ಸುತ್ತಲ ಬಯಲಿನ ಹಳ್ಳಿಗಳನ್ನೆಲ್ಲ ಹಾದು, ಸಂಜೆಗೆ ಮತ್ತೆ ಕೋಟೆ ಬಾಗಿಲು ಮುಟ್ಟುವ ದಾರಿಯ ವರ್ಣನೆ ಅದು. ಆ ಬಯಲನ್ನು ಅವನು ಕಂಡದ್ದು ಗೋಡೆಯ ಮೇಲಿನ ನಕ್ಷೆಯಲ್ಲಿ. ಅಳೆದದ್ದು ಟಪಾಲಿನ ಕಟ್ಟು ಬಿಗಿಯುವ ದಾರದಲ್ಲಿ. ದಾರವನ್ನು ನಕ್ಷೆಯ ಮೇಲೆ ಡೊಂಕುಡೊಂಕಾಗಿ ಹಾಸಿ, ಎತ್ತಿ ಅಳತೆಪಟ್ಟಿಗೆ ಹಿಡಿದರೆ ಮೂವತ್ತೆಂಟು ಕಿಲೋಮೀಟರು ಬಂತು. ಮಿಕ್ಕದ್ದನ್ನು ಕಲ್ಪನೆ ನೋಡಿಕೊಂಡಿತು. 'ಬೆನ್ನಿಗೆ ತಂಗಾಳಿ, ಕಣ್ಣಿಗೆ ಹಸಿರು, ಕಾಲಿಗೆ ದಣಿವೆಂಬುದೇ ಇಲ್ಲ' ಎಂದು, ಪದ್ಯ ಕಟ್ಟುವವರು ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಡುವ ಹಾಗೆ, ಅವನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದ್ದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಚ್ಚಿನಮನೆಯವನು ಬಂದು, "ಹೊದಿಕೇಲಿ ಒಂದು ಸಾಲು ಜಾಗ ಖಾಲಿ ಉಳಿದಿದೆ ಸಾರ್, ಬೋಳುಬೋಳಾಗಿ ಕಾಣ್ತದೆ. ಏನಾದ್ರೂ ಕೊಡಿ," ಎಂದ. ಗುಮಾಸ್ತ ಟೀ ಲೋಟ ಕೆಳಗಿಡದೆ ಸಾಲು ಕೊಟ್ಟ: 'ಲೇಖಕರು ಸ್ವತಃ ಸೈಕಲ್ ತುಳಿದು, ಕಂಡು, ಬರೆದದ್ದು.'

ಕಚೇರಿಯ ಸಾಹೇಬರಿಗೆ ಪುಸ್ತಕಗಳ ಹೊದಿಕೆ ಮಾತ್ರ ಓದುವ ಅಭ್ಯಾಸ. ಓದಿದರು, ಕರೆಸಿದರು.

"ಸದ್ದಿಲ್ಲದೆ ಎಂಥಾ ಕೆಲಸ ಮಾಡಿದೀರಲ್ರೀ. ಭಾನುವಾರ ಮೊದಲನೇ ತಂಡ ಹೊರಡ್ತದೆ, ಮುಂದೆ ನೀವಿರಬೇಕು. ಸಂಜೆ ನಾನೇ ಕೋಟೆ ಬಾಗಿಲಲ್ಲಿ ಕಾಯ್ತೀನಿ. ಬಂದವರು ಏನಂತಾರೆ ನೋಡ್ಕೊಂಡು, ಮುಖ್ಯ ಗುಮಾಸ್ತರ ಕುರ್ಚಿ ಯಾರಿಗೆ ಅಂತ ಅಲ್ಲೇ ಹೇಳಿಬಿಡ್ತೀನಿ."

ಆ ಕುರ್ಚಿ ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ, ಸಾಹೇಬರ ಬಾಗಿಲಿಗೆ ಎದುರಾಗಿ ಇತ್ತು. ಅದರಲ್ಲಿ ಕೂತವನನ್ನು ಯಾರೂ ಏಳು ಎನ್ನುವ ಹಾಗಿರಲಿಲ್ಲ. ಗುಮಾಸ್ತ ಹತ್ತೊಂಬತ್ತು ವರ್ಷದಿಂದ ಅದಕ್ಕಾಗಿ ತಪಸ್ಸು ಮಾಡುತ್ತಿದ್ದ. ಅದರ ಮೇಲೆ ಕಣ್ಣಿಟ್ಟವನು ಇನ್ನೊಬ್ಬನೇ: ಅದೇ ಕಚೇರಿಯ ಟಪಾಲಿನವನು. ಊರೊಳಗೆ ಸೈಕಲ್ಲಿನಲ್ಲಿ ಕಾಗದ ಹಂಚಿ ಹಂಚಿ ಅವನ ಮೊಣಕಾಲು ಸವೆದಿತ್ತು.

"ನಾನೂ ಬರ್ತೀನಿ ಸ್ವಾಮಿ," ಎಂದ ಟಪಾಲಿನವನು ಹಲ್ಲು ಕಿರಿದು. "ನೀವು ತುಳಿದ ದಾರಿ, ದರ್ಶನ ಮಾಡಿದ್ರೆ ಪುಣ್ಯ ಬರ್ತದೆ."

ಮನೆಯಲ್ಲಿ ಹೆಂಡತಿ ಕೇಳಿದಳು, "ಸೈಕಲ್ ಹತ್ತಿ ಎಷ್ಟು ವರ್ಷ ಆಯ್ತು ನೀವು?"

"ಅದು ಮರೆಯೋ ವಿದ್ಯೆ ಅಲ್ಲ ಕಣೇ."

"ವಿದ್ಯೆ ಮರೆತಿರಲ್ಲ. ಮಂಡಿ ಮರೆತಿರ್ತದೆ."

ಭಾನುವಾರ ಬೆಳಿಗ್ಗೆ ಬಾಮೈದನ ಸೈಕಲ್ ಹತ್ತಿ ಗುಮಾಸ್ತ ಮುಂದಾದ. ಹಿಂದೆ ಎಂಟು ಜನ. ಎಲ್ಲರ ಕೈಯಲ್ಲೂ ಪುಸ್ತಿಕೆ. ಅವರಲ್ಲಿ ಕತ್ತಿಗೆ ಟಿಪ್ಪಣಿ ಪುಸ್ತಕ ನೇತುಹಾಕಿಕೊಂಡ ನಿವೃತ್ತ ಮೇಷ್ಟ್ರೊಬ್ಬರು, ಹೊಸ ಸೈಕಲ್ಲಿನ ಹಲ್ಲಿನ ಡಾಕ್ಟರಮ್ಮ, ಮತ್ತು ಕಟ್ಟಕಡೆಗೆ, ಕೋಳಿಯ ಹಿಂದೆ ಬೆಕ್ಕು ಬರುವ ಹಾಗೆ, ಟಪಾಲಿನವನು.

ದೇವರು ಬಯಲನ್ನು ಸಪಾಟಾಗಿ ಮಾಡಿದ್ದು ಸೈಕಲ್ಲಿನವರ ಮೇಲಿನ ದಯೆಯಿಂದ. ಆಮೇಲೆ ದಯೆ ಅತಿಯಾಯಿತೆನ್ನಿಸಿ ಗಾಳಿಯನ್ನು ಮಾಡಿದ. ಕೋಟೆ ಮರೆಯಾದದ್ದೇ ತಡ, ಗಾಳಿ ಎದುರಿನಿಂದ ಬಂದು ಗುಮಾಸ್ತನ ಅಂಗಿಯನ್ನು ಡೊಳ್ಳಿನಂತೆ ಉಬ್ಬಿಸಿತು. ಅವನು ತುಳಿಯುತ್ತಿದ್ದ, ಪಕ್ಕದ ಬೇಲಿಗೂಟ ಮಾತ್ರ ಪಕ್ಕದಲ್ಲೇ ಇತ್ತು.

"ಮೂರನೇ ಪುಟ," ಎಂದು ಟಪಾಲಿನವನು ಎಲ್ಲರಿಗೂ ಕೇಳುವಂತೆ ಓದಿದ. "'ಬೆನ್ನಿಗೆ ತಂಗಾಳಿ.' ಇದು ಎದೆಗೆ ಹೊಡೀತಿದೆಯಲ್ಲ ಸ್ವಾಮಿ? ಹೋದ ಸಲ ನೀವು ಹಿಂದುಹಿಂದಕ್ಕೆ ತುಳ್ಕೊಂಡು ಬಂದಿದ್ರಾ?"

ಎಲ್ಲರೂ ಗುಮಾಸ್ತನನ್ನೇ ನೋಡಿದರು. ಕಿಟಕಿಯ ಪಕ್ಕದ ಕುರ್ಚಿ ಗಾಳಿಯಲ್ಲಿ ಹಾರಿಹೋಗುತ್ತಿರುವುದು ಅವನಿಗೆ ಕಣ್ಣಾರೆ ಕಂಡಿತು. ಬಾಯಿ ತಾನಾಗಿಯೇ ತೆರೆಯಿತು.

"ಹಿಂದೆ ಕೋಟೆಗೆ ಮುತ್ತಿಗೆ ಹಾಕಿದ್ರಲ್ಲ, ಆ ಸೈನ್ಯ ಕತ್ತಿಗೆ ಸೋಲಲಿಲ್ಲ. ಈ ಗಾಳಿಗೆ ಸೋತು ಓಡಿಹೋಯ್ತು. ಅದನ್ನ ಓದಿದ್ರೆ ತಿಳಿಯಲ್ಲ, ಮೈಗೆ ಗೊತ್ತಾಗಬೇಕು. ಅದಕ್ಕೇ ಇಂಥ ದಿನ ನೋಡಿ ಕರ್ಕೊಂಡು ಬಂದೆ."

ಮೇಷ್ಟ್ರು ಸೈಕಲ್ ನಿಲ್ಲಿಸಿದರು. ಇನ್ನು ಮುಗಿಯಿತು ಎಂದುಕೊಂಡ ಗುಮಾಸ್ತ. ಮೇಷ್ಟ್ರು ಪೆನ್ನು ತೆಗೆದರು.

"ಸೈನ್ಯ ಎಷ್ಟಿತ್ತು?"

"ಹನ್ನೆರಡು ಸಾವಿರ."

"ಎಲ್ಲಾ ಕಾಲಾಳೇ?"

"ಕುದುರೆ ಸ್ವಲ್ಪ ಇದ್ವು," ಎಂದ ಗುಮಾಸ್ತ, ತೀರಾ ಜಿಪುಣತನ ಬೇಡವೆಂದು.

ಆರನೇ ಪುಟದಲ್ಲಿ 'ಕಲ್ಲಿನ ಪುಟ್ಟ ಸೇತುವೆ' ಇತ್ತು. ನಕ್ಷೆಯಲ್ಲಿ ದಾರಿ ಹಳ್ಳವನ್ನು ದಾಟಿದ್ದರಿಂದ ಸೇತುವೆ ಇರಲೇಬೇಕೆಂದು ಗುಮಾಸ್ತ ತೀರ್ಮಾನಿಸಿದ್ದ. ಹಳ್ಳದಲ್ಲಿ ಮೊಣಕಾಲುದ್ದ ನೀರು, ನೀರಿನಲ್ಲಿ ಎರಡು ಎಮ್ಮೆ, ದಡದಲ್ಲಿ ಎಮ್ಮೆಗಳ ಒಡತಿ ಅಜ್ಜಿ ಇದ್ದರು. ಸೇತುವೆ ಇರಲಿಲ್ಲ.

"ಅಜ್ಜಿ, ಸೇತುವೆ ಎಲ್ಲಿದೆ?" ಎಂದು ಟಪಾಲಿನವನು ಜೇನಿನಲ್ಲಿ ಅದ್ದಿದ ದನಿಯಲ್ಲಿ ಕೇಳಿದ.

"ನಾನು ಮದುವೆಯಾಗಿ ಬಂದಾಗಿಂದ ನಾನೂ ಅದನ್ನೇ ಕೇಳ್ತಿದೀನಿ ಮಗಾ. ನೀವೇನು ಕಟ್ಟೋಕೆ ಬಂದವರಾ?"

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಪಾಪ, ಅಜ್ಜಿಗೆ ಗೊತ್ತಿಲ್ಲ. ಸೇತುವೆ ನೀರೊಳಗಿದೆ. ಶತ್ರುಗಳ ಕಣ್ಣಿಗೆ ಬೀಳಬಾರದು ಅಂತ ಆಗಿನ ರಾಣಿ ಮುಳುಗಿಸಿಯೇ ಕಟ್ಟಿಸಿದ್ದು."

ಎಲ್ಲರೂ ಭಕ್ತಿಯಿಂದ ಸೈಕಲ್ ಹೆಗಲಿಗೇರಿಸಿ ನೀರಿಗಿಳಿದರು. ನಡುಹಳ್ಳದಲ್ಲಿ ಡಾಕ್ಟರಮ್ಮ ನಿಂತುಬಿಟ್ಟರು. "ಕಾಲಿಗೆ ಏನೋ ತಗುಲ್ತಿದೆ. ನುಣ್ಣಗಿದೆ ಕಲ್ಲು. ಇದೇ ಇರಬೇಕು ಸೇತುವೆ."

"ಅದು ನಾನು ಬಟ್ಟೆ ಒಗೆಯೋ ಕಲ್ಲು ಕಣಮ್ಮ, ಹೋದ ಮಳೇಲಿ ಉರುಳಿಹೋಗಿತ್ತು. ಸಿಕ್ಕಿದ್ರೆ ಇತ್ತ ತಳ್ಳು," ಎಂದರು ಅಜ್ಜಿ. ಆದರೆ ಅಷ್ಟರಲ್ಲಿ ಮೇಷ್ಟ್ರು ಡಾಕ್ಟರಮ್ಮನ ಪಾದ ನಿಂತ ಜಾಗಕ್ಕೆ ಕೈಮುಗಿದಾಗಿತ್ತು. ಸತ್ಯ ಹೇಳುವ ಅಜ್ಜಿಯ ಮಾತಿಗೆ ಎಮ್ಮೆಗಳೂ ಕಿವಿಗೊಡಲಿಲ್ಲ.

ಮುಂದಿನ ಹಳ್ಳಿಯ ಅಂಚಿನಲ್ಲಿ ಮೂರು ನಾಯಿಗಳು ಅಟ್ಟಿಸಿಕೊಂಡು ಬಂದವು. ಹತ್ತೊಂಬತ್ತು ವರ್ಷ ಕೂತೇ ಇದ್ದ ಗುಮಾಸ್ತ ಪ್ರಾಣಭಯದಿಂದ ಬಾಣದಂತೆ ಹಾರಿಹೋದ. "ಈ ವಯಸ್ಸಲ್ಲಿ ಏನು ಕಸುವು ನೋಡಿ," ಎಂದರು ಹಿಂದಿನವರು. ಹನ್ನೊಂದನೇ ಪುಟದ 'ಪುರಾತನ ಕಾವಲು ಗೋಪುರ' ಎದುರಾದಾಗ ಅದು ಇಟ್ಟಿಗೆ ಸುಡುವ ಗೂಡಾಗಿತ್ತು, ತುದಿಯಲ್ಲಿ ಹೊಗೆಯಾಡುತ್ತಿತ್ತು. ಗುಮಾಸ್ತನಿಗೆ ಸುಳ್ಳು ಹೇಳುವಷ್ಟೂ ಉಸಿರು ಉಳಿದಿರಲಿಲ್ಲ. ಮೇಷ್ಟ್ರೇ ಕೈ ಹಿಡಿದರು.

"ಹೊಗೆ ಬಿಟ್ಟು ಕೋಟೆಗೆ ಸುದ್ದಿ ಮುಟ್ಟಿಸ್ತಿದ್ರು, ಅಲ್ವೇ?"

"ಅದೇ," ಎಂದ ಗುಮಾಸ್ತ.

"ಆ ಪದ್ಧತೀನ ಇವತ್ತಿಗೂ ಬಿಟ್ಟಿಲ್ಲ ನೋಡಿ," ಎಂದು ಬರೆದುಕೊಂಡರು ಮೇಷ್ಟ್ರು.

ದಾರದ ಮೂವತ್ತೆಂಟು ಕಿಲೋಮೀಟರು ನೆಲದ ಮೇಲೆ ಐವತ್ತೇಳಾಗಿ, ಹೊತ್ತು ಇಳಿಯುವ ವೇಳೆಗೆ ಕೋಟೆ ಬಾಗಿಲು ಬಂತು. ಸಾಹೇಬರು ಕಾದು ನಿಂತಿದ್ದರು. ಗುಮಾಸ್ತ ಬಾಗಿಲಿನ ಕಂಬಕ್ಕೆ ಹೆಗಲು ಕೊಟ್ಟು ಸೈಕಲ್ ಮೇಲೇ ನಿಂತ. ಸೊಂಟದಿಂದ ಕೆಳಗಿನದು ಬೇರೆ ಯಾರದೋ ದೇಹವಾಗಿತ್ತು.

"ಹೇಗಿತ್ತು?" ಎಂದರು ಸಾಹೇಬರು.

ಮೇಷ್ಟ್ರ ಕಣ್ಣು ತುಂಬಿಬಂದಿತ್ತು. "ಮೂವತ್ತು ವರ್ಷ ಇತಿಹಾಸ ಪಾಠ ಮಾಡ್ದೆ ಸ್ವಾಮಿ. ಇವತ್ತು ಕಲಿತೆ." ಡಾಕ್ಟರಮ್ಮ, "ಇವರು ಬರದಿದ್ರೆ ಪುಸ್ತಕ ಏನಕ್ಕೂ ಬೇಡ. ಅದರಲ್ಲಿರೋದು ದಾರಿ, ಇವರ ಬಾಯಲ್ಲಿರೋದು ಬಯಲು," ಎಂದರು. ಗುಮಾಸ್ತ ಕಣ್ಣು ಮುಚ್ಚಿದ. ಕುರ್ಚಿ, ಕಿಟಕಿ, ಫ್ಯಾನು ಎಲ್ಲವೂ ಕಂಡವು.

ಟಪಾಲಿನವನಿಗೆ ತಡೆಯಲಾಗಲಿಲ್ಲ. "ಎಲ್ಲಾ ಸುಳ್ಳು ಸಾಹೇಬ್ರೆ. ಈ ಮನುಷ್ಯ ಆ ದಾರೀಲಿ ಕಾಲಿಟ್ಟಿದ್ದೇ ಇವತ್ತು. ಸೇತುವೆ ಬಟ್ಟೆ ಒಗೆಯೋ ಕಲ್ಲು. ಗೋಪುರ ಇಟ್ಟಿಗೆ ಗೂಡು. ದೂರ ಅಳೆದಿದ್ದು ದಾರದಲ್ಲಿ, ಆ ದಾರ ಕೊಟ್ಟವನೇ ನಾನು."

"ಹೊಟ್ಟೆಕಿಚ್ಚಿಗೆ ಮದ್ದಿಲ್ಲ," ಎಂದರು ಮೇಷ್ಟ್ರು.

ಸಾಹೇಬರು ಟಪಾಲಿನವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಂಥವನನ್ನ ಊರೆಲ್ಲಾ ಸುತ್ತೋಕೆ ಬಿಟ್ಟಿದ್ದೇ ತಪ್ಪು. ಮನೆಮನೆಗೂ ಹೋಗಿ ಹೀಗೇ ಚಾಡಿ ಹಂಚ್ತಾನೆ. ಇವನು ನನ್ನ ಕಣ್ಣೆದುರೇ ಬಿದ್ದಿರಬೇಕು. ನಾಳೆಯಿಂದ ಮುಖ್ಯ ಗುಮಾಸ್ತನ ಕುರ್ಚೀಲಿ ಕೂತ್ಕೊ. ಅಲ್ಲಿಂದ ಅಲ್ಲಾಡಿದ್ರೆ ನೋಡು."

ಆಮೇಲೆ ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥವರನ್ನ ನಾಲ್ಕು ಗೋಡೆ ಮಧ್ಯೆ ಕೊಳೆಸಿದ್ದು ನನ್ನ ಪಾಪ ಕಣ್ರೀ. ಇನ್ಮೇಲೆ ವಾರಕ್ಕೆ ಆರು ದಿನ ಬಯಲು ನಿಮ್ಮದು."

ಗುಮಾಸ್ತ ಸೈಕಲ್ ಮೇಲಿಂದಲೇ ಕೈ ಜೋಡಿಸಿದ. "ಸಾಹೇಬ್ರೆ, ಅವನು ಹೇಳಿದ್ದೆಲ್ಲಾ ನಿಜ. ದೇವರಾಣೆಗೂ ನಾನು ಹೋಗಿರಲಿಲ್ಲ. ಸೈನ್ಯ ಇಲ್ಲ, ರಾಣಿ ಇಲ್ಲ. ಅವನು ಸತ್ಯವಂತ."

"ಕೇಳಿದ್ರಾ," ಎಂದರು ಸಾಹೇಬರು ಉಳಿದವರ ಕಡೆ ತಿರುಗಿ. ದನಿ ಗದ್ಗದವಾಗಿತ್ತು. "ಚಾಡಿ ಹೇಳಿದವನನ್ನೂ ಕಾಪಾಡೋಕೆ ತನ್ನ ಮೇಲೇ ಹಾಕ್ಕೊಳ್ತಾರೆ."

"ನೀನೇ ಹೇಳೋ," ಎಂದು ಗುಮಾಸ್ತ ಟಪಾಲಿನವನನ್ನು ಅಂಗಲಾಚಿದ. "ಆಗ ಹೇಳಿದ್ದನ್ನೇ ಇನ್ನೊಂದ್ಸಲ ಹೇಳೋ."

ಟಪಾಲಿನವನು ಮೊಣಕಾಲು ಸವರಿಕೊಂಡ. ತಲೆ ತಗ್ಗಿಸಿದ.

"ತಪ್ಪಾಯ್ತು ಸಾಹೇಬ್ರೆ. ನಾನು ಹೇಳಿದ್ದು ಸುಳ್ಳು. ಹೊಟ್ಟೆಕಿಚ್ಚು. ಆ ಬಯಲಿನ ಒಂದೊಂದು ಕಲ್ಲೂ ಇವರಿಗೆ ಗೊತ್ತು. ನನಗೆ ಕುರ್ಚಿಯೇ ಸರಿಯಾದ ಶಿಕ್ಷೆ."

"ಒಪ್ಪಿಕೊಂಡೆಯಲ್ಲ, ಸಾಕು," ಎಂದರು ಸಾಹೇಬರು. "ನಾಳೆ ಬೆಳಿಗ್ಗೆ ಹದಿನೇಳು ಜನರ ತಂಡ ಇದೆ ಗುಮಾಸ್ತರೇ. ಇಳೀರಿ, ಮನೆಗೆ ಹೋಗಿ ಮಲಗಿ."

ಗುಮಾಸ್ತ ಇಳಿಯಲು ನೋಡಿದ. ಕಾಲು ಮಾತು ಕೇಳಲಿಲ್ಲ. ಇನ್ನೊಮ್ಮೆ ನೋಡಿದ. ಕೊನೆಗೆ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಹಾಗೆಯೇ ಉಳಿದ.

"ನೋಡಿ," ಎಂದರು ಸಾಹೇಬರು ಕಣ್ಣೊರೆಸಿಕೊಂಡು, "ಇಳಿಯೋಕೇ ಮನಸ್ಸಿಲ್ಲ ಅವರಿಗೆ."