ಜೋಳಿಗೆ ಹಿಡಿಯುವವರು ಬೇಕಾಗಿದ್ದಾರೆ

ಒಳ್ಳೆಯ ಕೆಲಸಕ್ಕೆ ಮಂದಿ ಕೂಡಿಸಲು ಹೊರಟವರಿಗೆ ಪುಣ್ಯ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಗಲಿಕ್ಕೆ ಮಾತ್ರ ವರ್ಷಪೂರ್ತಿ ಸಿಗುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಖಾನಾವಳಿ ಇತ್ತು. ಅದಕ್ಕೂ ಮೊದಲು ಕುಳಗೇರಿ ಕ್ರಾಸಿನಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಚಟ್ನಿ ಮಾರುತ್ತಿದ್ದೆ. ಶಾಲೆಗೆ ಹೋದವಳಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಬಾದಾಮಿಯ 'ಬಾ' ಬಾಗಲಕೋಟೆಯಲ್ಲೂ ಇದೆ ಎಂದು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಹಿಡಿದೆ. ಆಮೇಲೆ ಕೈಗೆ ಸಿಕ್ಕದ್ದನ್ನೆಲ್ಲ ಓದಿದೆ. ಇಷ್ಟು ಯಾಕೆ ಹೇಳಿದೆನೆಂದರೆ, ನನ್ನನ್ನು 'ಓದುಬರಹ ಇಲ್ಲದ ರೊಟ್ಟಿಯಾಕಿ' ಎಂದು ಕರೆದವರು ಮುಂದೆ ಬರುತ್ತಾರೆ. ಬರಲಿ.

ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಓದುವ ಹುಡುಗರಲ್ಲಿ ಹಲವರು ಮಧ್ಯಾಹ್ನ ಉಂಡರೆ ಸಂಜೆಗೆ ನೀರು ಕುಡಿದು ಮಲಗುತ್ತಿದ್ದರು. ಕಾಲೇಜಿನ ಸೇವಾ ಸಂಘ ನಡೆಸುತ್ತಿದ್ದ ಇತಿಹಾಸದ ಸರ್ ಒಂದು ದಿನ ಬಂದು, "ಇವರಿಗೆ ಪುಕ್ಕಟೆ ರೊಟ್ಟಿ ಮಾಡಿ ಕೊಡ್ತೀರೇನ್ರಿ?" ಎಂದರು.

"ಕೈ ನಂದು, ಒಲಿ ನಂದು. ಜ್ವಾಳಾ ನೀವು ತರ್ರಿ" ಎಂದೆ.

ನಮ್ಮ ಕಡೆ ಜೋಳ ಬೀಸುವ ಮೊದಲು ಒಂದು ಮುಷ್ಟಿ ತೆಗೆದಿಡುವ ರೂಢಿ ಇದೆ. ಧರ್ಮದ ಕೆಲಸಕ್ಕೆ ಯಾರಾದರೂ ಜೋಳಿಗೆ ಹಿಡಿದು ಬಂದರೆ ಅದನ್ನು ಹಾಕುತ್ತಾರೆ. ಅಂದರೆ ನಮಗೆ ಬೇಕಾದದ್ದು ರಜೆಯ ದಿನ ಜೋಳಿಗೆ ಹಿಡಿದು ಮನೆ ಮನೆ ತಿರುಗುವ ವಿದ್ಯಾರ್ಥಿಗಳು. ಅವರು ಸಿಕ್ಕರೆ ಆ ಹುಡುಗರಿಗೆ ಸಂಜೆಯ ಊಟ. ಸಿಗದಿದ್ದರೆ ಒಬ್ಬೊಬ್ಬರಾಗಿ ಪುಸ್ತಕ ಕಟ್ಟಿಕೊಂಡು ಊರಿಗೆ ಹೋಗುವವರೇ.

ಎಡಗೈ

ಇತಿಹಾಸದ ಸರ್ ದೊಡ್ಡ ಹಾಲಿನಲ್ಲಿ ತ್ಯಾಗದ ಮೇಲೆ ಭಾಷಣ ಮಾಡಿದರು. ಹುಡುಗರು ಬಾಯಿ ತುಂಬ ಹೊಗಳಿದರು, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಸಂಘ ಸೇರಲು ಒಬ್ಬನೂ ಬರಲಿಲ್ಲ.

"ಭಾಷಣ ನನಗ ಬಿಡ್ರಿ" ಎಂದೆ. ಮರುದಿನ ಖಾನಾವಳಿಯಲ್ಲಿ ಪಂಕ್ತಿ ತುಂಬಿ ಕೂತಾಗ ನಡುವೆ ನಿಂತು ವಿಷಯವೆಲ್ಲ ಹೇಳಿದೆ. "ಜೋಳಿಗಿ ಹಿಡಿಯೋರು ಕೈ ಎತ್ರಿ" ಎಂದೆ.

ಎಲ್ಲರ ಬಲಗೈ ತಾಟಿನಲ್ಲಿ. ಯಾರೂ ತಲೆ ಎತ್ತಲಿಲ್ಲ. ಪುಂಡಿಪಲ್ಯವನ್ನು ಅಷ್ಟು ಭಕ್ತಿಯಿಂದ ಉಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಹುಡುಗನೊಬ್ಬ ಎಡಗೈ ಎತ್ತಿದ. ಬಾದಾಮಿ ಕಡೆಯ ಹಳ್ಳಿಯವನು, ಮನೆಯಲ್ಲಿ ಕುರಿ ಕಾಯುವವರು, ಬೀರಪ್ಪ ದೇವರ ಒಕ್ಕಲು. ನನಗೆ ಎದೆ ತುಂಬಿ ಬಂತು.

"ನೋಡ್ರೋ, ಗಂಡಸಂದ್ರ ಇಂವಾ" ಎಂದೆ.

ಅವನು ಅತ್ತಿತ್ತ ನೋಡಿ, "ಅಕ್ಕಾರ, ಇನ್ನೊಂದು ರೊಟ್ಟಿ ಕೇಳಿದ್ನಿರಿ" ಎಂದ.

ರೊಟ್ಟಿ ಹಾಕಿದೆ. ಎತ್ತಿದ ಕೈಯನ್ನು ಮಾತ್ರ ಇಳಿಸಗೊಡಲಿಲ್ಲ.

ಗುರುತಿಲ್ಲದ ಓಣಿ

ಆಮೇಲೆ ನಾಲ್ಕಾರು ಮಂದಿ ಬಂದರು. ಅವರ ತಕರಾರು ತಿರುಗುವುದಲ್ಲ, ನಾಚಿಕೆ. ಬೆಲ್ ಬಾಟಮ್ ಪ್ಯಾಂಟಿನವನೊಬ್ಬ, "ಇದರ ಮ್ಯಾಲ ಜೋಳಿಗಿ ಒಪ್ಪೂದಿಲ್ಲರಿ" ಎಂದ.

"ಆ ಪ್ಯಾಂಟಿನ ತಳದಾಗ ಮೂರು ಸೇರು ಜ್ವಾಳಾ ಹಿಡಸ್ತೈತಿ, ಜೋಳಿಗಿ ಬ್ಯಾಡ ಬಿಡು" ಎಂದೆ. ಅವನು ಜೋಳಿಗೆಯನ್ನೇ ತೆಗೆದುಕೊಂಡ.

ಗುರುತಿನವರು ನೋಡಿದರೆ ಎಂಬ ಭಯ ಎಲ್ಲರಿಗೂ. ನಾನು ಉಪಾಯ ಮಾಡಿದೆ: ಹುನಗುಂದದ ಹುಡುಗರನ್ನು ಬಾದಾಮಿಗೆ, ಬಾದಾಮಿಯವರನ್ನು ಹುನಗುಂದಕ್ಕೆ ಕಳಿಸಿದೆ. ನಮ್ಮ ಸೀಮೆಯಲ್ಲಿ ಹೆಣ್ಣು ಕೊಟ್ಟು ತಂದು ಬೀಗತನ ಬೆಳೆಸದ ಊರು ಇಲ್ಲ ಎಂಬುದು ಆಗ ತಲೆಗೆ ಬರಲಿಲ್ಲ. ಹುನಗುಂದದ ದೊಡ್ಡ ಕಮತದ ಮನೆಯ ಹುಡುಗ ಬಾದಾಮಿಯಲ್ಲಿ ಸೋದರಮಾವನ ಓಣಿ ತಪ್ಪಿಸಿ ಬೇರೆ ಓಣಿಗೆ ಹೋದ. ಸೋದರಮಾವ ಅದೇ ಓಣಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು.

"ಯಾಕಪಾ ಅಳಿಯಾ, ಮನ್ಯಾಗ ಜಗಳಾ ಮಾಡಿ ಬಂದೀಯೇನು?"

ಹುಡುಗ ಬಾಗಲಕೋಟೆ ಮುಟ್ಟುವ ಮೊದಲೇ ಸುದ್ದಿ ಹುನಗುಂದ ಮುಟ್ಟಿತ್ತು. ಮರುದಿನ ಅವನ ಅಪ್ಪ ತಲೆಗೆ ಪಟಕಾ ಸುತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತರು.

"ನನ್ನ ಮಗನ ಹೆಗಲಿಗೆ ಜೋಳಿಗಿ ಹಾಕಿದಾಕಿ ಯಾರು?"

"ನಾನ."

"ನಮ್ಮ ಮನ್ಯಾಗ ನೆಲದಾಗಿನ ಹಗೇವು ತುಂಬಿ ಜ್ವಾಳಾ ಐತಿ. ನನ್ನ ಮಗಾ ಮಂದಿ ಮನಿ ಮುಂದ ನಿಂದರಬೇಕೇನು?"

"ಹಗೇವು ತುಂಬೇತಿ ಅಂತ ನನಗೇನ್ರಿ ಗೊತ್ತು? ಎರಡು ಚೀಲ ಕಳಸ್ರಿ, ಆಮ್ಯಾಲ ನಿಮ್ಮ ಮಗಾ ನಿಂದರೂದಿಲ್ಲ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ. ವಾರದೊಳಗೆ ಲಾರಿಯ ಮೇಲೆ ಎರಡು ಚೀಲ ಬಂದವು. ಅಂದಿನಿಂದ ನಾನು ದೊಡ್ಡ ಮನೆತನದ ಹುಡುಗರನ್ನೇ ಹುಡುಕಿ ಹುಡುಕಿ ಸಂಘಕ್ಕೆ ಸೇರಿಸತೊಡಗಿದೆ.

ಇಳಕಲ್ಲಿನ ಅಪ್ಪ

ಹೆಣ್ಣುಮಕ್ಕಳಲ್ಲಿ ಮೊದಲು ಬಂದವಳು ಇಳಕಲ್ಲಿನ ಸೀರೆ ವ್ಯಾಪಾರಿಯ ಮಗಳು. "ನಾ ಬರ್ತೇನ್ರಿ ಅಕ್ಕಾರ, ಆದ್ರ ನಮ್ಮಪ್ಪ" ಎಂದಳು. ಆ ಅಪ್ಪನನ್ನು ನೋಡಿಯೇಬಿಡೋಣ ಎಂದು ರಜೆಯಲ್ಲಿ ನಾನೇ ಇಳಕಲ್ಲಿಗೆ ಹೋದೆ.

"ಹೆಣ್ಣುಹುಡುಗಿ ಮನಿ ಮನಿ ತಿರಗಿದ್ರ ನಾಳೆ ವರಾ ಬರ್ತಾವೇನ್ರಿ?" ಎಂದರು ಅವರು.

"ಬಾಗಲಾ ಮುಚ್ಚಿ ಒಳಗ ಇಟ್ರ ಕಿಟಕ್ಯಾಗಿಂದ ಬರ್ತಾವೇನ್ರಿ?" ಎಂದೆ. "ಅಷ್ಟು ಚಿಂತಿ ಇದ್ರ ನೀವೂ ಜೋಡಿ ಬರ್ರಿ."

ಬಂದರು. ಬಾಗಲಕೋಟೆಯ ಮೊದಲ ಮನೆಯಲ್ಲಿ ಮಗಳ ಗುರುತೇ ಇಲ್ಲದವರಂತೆ ದೂರ ನಿಂತರು. ಎರಡನೆಯ ಮನೆಯವಳು ಮಗಳ ಜೋಳಿಗೆಗೆ ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿಸಿದಳು. ಹುಟ್ಟಾ ವ್ಯಾಪಾರಿ, ಅಳತೆ ಕಡಿಮೆಯಾದದ್ದನ್ನು ನೋಡಿ ಸುಮ್ಮನಿರುವುದು ಅವರಿಂದ ಆಗಲಿಲ್ಲ.

"ಯವ್ವಾ, ಇದಕ್ಕ ಮುಷ್ಟಿ ಅಂತಾರೇನು? ಇನ್ನೊಂದೀಟು ಹಾಕು. ಹಾಂ, ಇನ್ನೂ."

ಮೂರನೆಯ ಮನೆಗೆ ಅವರೇ ಮುಂದೆ. ಆಮೇಲೆ ಮುಷ್ಟಿಯ ಮಾತು ಬಿಟ್ಟು ಸೇರಿನ ಮಾತು ಆಡತೊಡಗಿದರು. ಬಿಸಿಲು ಇಳಿಯುವ ಹೊತ್ತಿಗೆ ಜೋಳಿಗೆ ಅಪ್ಪನ ಹೆಗಲ ಮೇಲಿತ್ತು. ಇನ್ನೊಂದು ಓಣಿ ನೋಡೋಣ ಎಂದು ತಿರುಗಿದಾಗ ಮಗಳು ಅವರ ಅಂಗಿ ಹಿಡಿದು ಎಳೆದಳು.

"ಅಪ್ಪಾ, ಸಾಕು ನಡೀ. ಮಂದಿ ನೋಡ್ತಾರ."

ಸೋಮವಾರದ ಮನೆ

ಸಂಘ ಜೋರಾಗಿ ನಡೆದದ್ದೇ ತಪ್ಪಾಯಿತು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಇತಿಹಾಸದ ಸರ್ ಅವರನ್ನೂ ನನ್ನನ್ನೂ ಕರೆಸಿದರು.

"ಜೋಳಿಗಿ ಹಿಡಿಯೂದು ಅಯ್ಯನವರ ಕೆಲಸ, ವಿದ್ಯಾರ್ಥಿಗಳದಲ್ಲ" ಎಂದರು. ನಮ್ಮಲ್ಲಿ ಜಂಗಮ ಸ್ವಾಮಿಗಳಿಗೆ ಅಯ್ಯನವರು ಎನ್ನುತ್ತಾರೆ. "ಕಾಲೇಜಿನ ಮರ್ಯಾದಿ ಹೋತು. ಅದೂ ಓದುಬರಹ ಇಲ್ಲದ ರೊಟ್ಟಿಯಾಕಿ ಹಿಂದ ಹತ್ತಿ. ಮುಂದಿನ ಮೀಟಿಂಗಿನಾಗ ಇದನ್ನ ಬಂದ್ ಮಾಡ್ತೇವಿ."

ಸರ್ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಮೀಟಿಂಗ್ ಆಗುವವರೆಗೆ ಸಂಘ ಇದೆಯಲ್ಲ? ಮುಂದಿನ ಸೋಮವಾರ ಬೆಳಿಗ್ಗೆ ಕಾಲೇಜಿಗೆ ಮೊದಲು ನಮ್ಮ ಎಡಗೈ ಹುಡುಗನನ್ನು ಕರೆದು, "ಇವತ್ತು ಅಧ್ಯಕ್ಷರ ಮನಿಗೂ ಹೋಗು. ಬೈದ್ರ ಬೈಸಿಕೋ, ಜೋಳಿಗಿ ಮಾತ್ರ ಮುಚ್ಚಬ್ಯಾಡ" ಎಂದೆ.

ಅದು ಶ್ರಾವಣ ಸೋಮವಾರ. ಅಧ್ಯಕ್ಷರ ವಯಸ್ಸಾದ ತಾಯಿ ಅಂಥ ದಿನ ಅಯ್ಯನವರೊಬ್ಬರ ಪಾದ ತೊಳೆದು, ಉಣ್ಣಿಸಿ, ಆಮೇಲೆ ತಾವು ಉಣ್ಣುವವರು. ಬರಬೇಕಾದ ಅಯ್ಯನವರು ಅಂದು ಬಂದಿರಲಿಲ್ಲ. ಮುದುಕಿಗೆ ಕಣ್ಣು ಮಂಜು. ಬಾಗಿಲಲ್ಲಿ ಬಿಳಿ ಅಂಗಿ, ಹೆಗಲಿಗೆ ಜೋಳಿಗೆ ಕಂಡಿತು, ಅಷ್ಟೇ ಸಾಕಾಯಿತು. ಮುಂದಿನದನ್ನು ಹುಡುಗನೇ ಬಂದು ಹೇಳಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಮಣೆಯ ಮೇಲೆ ಕೂಡಿಸಿ, ಎರಡೂ ಕಾಲನ್ನು ತಾಮ್ರದ ಪರಾತದಲ್ಲಿ ಇಟ್ಟು ತೊಳೆದೇಬಿಟ್ಟರಂತೆ.

"ತಮ್ಮಾ, ಜಳಕಾ ಆತೇನು? ಬಾ, ಬಗ್ಗಿ ಪಾದ ಮುಟ್ಟು" ಎಂದು ಮಗನನ್ನು ಕೂಗಿದರು.

ಅಧ್ಯಕ್ಷರು ಒದ್ದೆ ತಲೆಯಲ್ಲಿ ಬಂದು, ತಾಯಿಗೆ ಎದುರಾಡದ ಮಗನಂತೆ ಬಗ್ಗಿ, ಎರಡೂ ಪಾದ ಮುಟ್ಟಿ ಹಣೆಗೆ ಹಚ್ಚಿಕೊಂಡು, ಆಮೇಲೆ ಮುಖ ನೋಡಿದರು.

"ನಮಸ್ಕಾರ್ರಿ ಸರ್. ಬಿ.ಎ. ಎರಡನೇ ವರ್ಷರಿ" ಎಂದ ಹುಡುಗ.

ಅಧ್ಯಕ್ಷರು ಬಗ್ಗಿದವರು ನೆಟ್ಟಗಾದರು. ಹುಡುಗನೇ ಮುದುಕಿಗೆ ಹೇಳಿದ, "ಅಮ್ಮಾರ, ತಪ್ಪಾತರಿ. ನಾ ಅಯ್ಯನವರಲ್ಲ. ನಾವು ಬೀರಪ್ಪನ ಒಕ್ಕಲರಿ. ಹಸದು ಓದೋ ಹುಡುಗರಿಗೆ ಜ್ವಾಳಾ ಕೇಳಾಕ ಬಂದೀನಿ."

ಮುದುಕಿ ಪರಾತವನ್ನು ಬದಿಗೆ ಸರಿಸಿದರು. "ಹಸದೋರ ಸಲುವಾಗಿ ಬಂದೀಯಂದ್ರ ನಾ ತೊಳದದ್ದ ಸರಿ ಐತಿ. ಏಳಬ್ಯಾಡ, ಉಣ್ಣು" ಎಂದು ಹೋಳಿಗೆ ಬಡಿಸಿದರು. ಆಮೇಲೆ ಮಗನ ಕಡೆ ತಿರುಗಿ, "ನೀ ಯಾಕ ಕಂಬದಂಗ ನಿಂತಿ? ಜೋಳಿಗಿ ತುಂಬು" ಎಂದರು.

ಮೀಟಿಂಗಿನ ದಿನ ನಾನು ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋದೆ. ಅಧ್ಯಕ್ಷರು ನನ್ನ ಮುಖ ನೋಡದೆ, "ಸಂಘ ನಡೀಲಿ" ಎಂದರು. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ಬರೂ ಸೋಮವಾರನೂ ಒಬ್ಬ ಹುಡುಗನ್ನ ಕಳಸ್ರಿ. ಇಲ್ಲಂದ್ರ ನಮ್ಮವ್ವ ಉಣ್ಣೂದಿಲ್ಲ ಅಂತಾಳ" ಎಂದರು.

ಈ ಸುದ್ದಿ ಹುಡುಗರ ಕೋಣೆ ಕೋಣೆಗೆ ಹೇಗೆ ಮುಟ್ಟಿತೋ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಸಂಘ ಸೇರಲು ಬಂದವರು ರಸ್ತೆಯವರೆಗೆ ನಿಂತಿದ್ದಾರೆ. ಭಾಷಣಕ್ಕೆ ಚಪ್ಪಾಳೆ ತಟ್ಟಿದವರೆಲ್ಲ ಇದ್ದರು. "ಅಕ್ಕಾರ, ಅಧ್ಯಕ್ಷರ ಮನಿ ನನಗ ಕೊಡ್ರಿ" ಎಂದು ಒಬ್ಬರ ಮೇಲೊಬ್ಬರು. ನಾನು ಸೊಂಟದ ಮೇಲೆ ಕೈಯಿಟ್ಟು ಸಾಲನ್ನು ಮೇಲಿಂದ ಕೆಳಗೆ ನೋಡುತ್ತ ಹೋದೆ. ತಲೆಗೆ ಎಣ್ಣೆ ಹಚ್ಚಿದ್ದರು, ಹಣೆಗೆ ವಿಭೂತಿ ಬಳಿದಿದ್ದರು, ಅಂಗಿಗೆ ಇಸ್ತ್ರಿ ಹಾಕಿದ್ದರು.

ಕಾಲು ಮಾತ್ರ ಒಬ್ಬನೂ ತೊಳೆದು ಬಂದಿರಲಿಲ್ಲ.