ಪ್ರಥಮ ವಾಕ್ಯದ ಮಂಜೂರಾತಿ ಕುರಿತು

ಕಾದಂಬರಿ ಬರೆಯುವ ಸಲುವಾಗಿ ನೌಕರಿಗೆ ರಾಜೀನಾಮೆ ಕೊಟ್ಟ ನಮ್ಮ ಭಾವ, ಮರುದಿನ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಊಟದ ಮೇಜಿನ ಮುಂದೆ ಹಾಜರಾದರೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ಅಷ್ಟೂ ವರ್ಷ, "ಈ ಕೆಲಸ ಒಂದು ಬಿಡ್ತೀನಿ, ನೋಡ್ತಿರಿ, ಎಂಥ ಕಾದಂಬರಿ ಬರೀತೀನಿ" ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರು. ಈಗ ಬಿಟ್ಟಾಗಿದೆ. ಬರೆಯದಿದ್ದರೆ ಮುಖ ಎಲ್ಲಿಟ್ಟುಕೊಳ್ಳೋದು?

ಹತ್ತೂವರೆಗೆ ಒಂದು ವಾಕ್ಯ ಬರೆದರು: "ಅವಳು ಬಾಗಿಲು ತೆರೆದಳು." ಅಲ್ಲಿಗೆ ಪೆನ್ನು ನಿಂತಿತು.

"ಯಾಕೆ ಭಾವ, ಏನಾಯ್ತು?" ಅಂದೆ.

"ಮೇಲಿನವರ ಸಹಿ ಇಲ್ಲದೆ ಮುಂದಿನ ವಾಕ್ಯಕ್ಕೆ ಹೋಗೋದು ಹೇಗಯ್ಯಾ? ಬರೆದವರೇ ಮಂಜೂರು ಮಾಡೋ ಹಾಗಿಲ್ಲ."

ನ್ಯಾಯವಾದ ಮಾತು. ಆ ಮನೆಯಲ್ಲಿ ಭಾವನಿಗಿಂತ ಮೇಲಿನವರು ಅಂದರೆ ನಮ್ಮಕ್ಕ ಒಬ್ಬಳೇ. ಆದಕಾರಣ ಅವಳನ್ನು ಮಂಜೂರಾತಿ ಅಧಿಕಾರಿಯಾಗಿ ನೇಮಿಸಲಾಯಿತು. ಹತ್ತರಿಂದ ಐದರವರೆಗೆ ಪಕ್ಕದ ಕೋಣೆಯಲ್ಲಿ ಕೂರತಕ್ಕದ್ದು, ಕಡತ ಬಂದಾಗ ಸಹಿ ಹಾಕತಕ್ಕದ್ದು.

"ಅಡುಗೆ ಯಾರು ಮಾಡ್ತಾರ್ರೀ?" ಅಂದಳು ಅಕ್ಕ.

ಅಧಿಕಾರಿಗಳು ಕಚೇರಿ ವೇಳೆಯಲ್ಲಿ ಅಡುಗೆ ಮಾಡತಕ್ಕದ್ದಲ್ಲ ಎಂದು ಭಾವ ಸುತ್ತೋಲೆ ಹೊರಡಿಸಿದರು. ಅಕ್ಕ ಆ ಕ್ಷಣವೇ ಅಧಿಕಾರ ಸ್ವೀಕರಿಸಿದಳು. ಅಡುಗೆ, ಟಪಾಲು ಎರಡೂ ನನ್ನ ತಲೆಗೆ ಬಂದವು. ಅಕ್ಕನ ಮನೆಯಲ್ಲಿ ಬಿಟ್ಟಿ ಬಿದ್ದಿರುವವನು ನಾನು, ಬಾಯಿ ಬಿಡುವ ಹಾಗಿರಲಿಲ್ಲ.

ಆದರೆ ಕಡತ ನನ್ನ ಕೈಗೆ ಬರುವ ಮೊದಲೇ ಭಾವನಿಗೆ ಆಕ್ಷೇಪಣೆಗಳು ಹೊಳೆದವು. "ಅವಳು" ಎಂದರೆ ಯಾರು? ತೆರೆಯುವ ಮುಂಚೆ ಬಾಗಿಲು ಮುಚ್ಚಿತ್ತೆಂಬುದಕ್ಕೆ ದಾಖಲೆ ಏನು? ತಾವೇ ಕೇಳಿ, ತಾವೇ ಸಮಜಾಯಿಷಿ ಬರೆದು, ಅದು ತೃಪ್ತಿಕರವಾಗಿಲ್ಲವೆಂದು ತಾವೇ ತಿರಸ್ಕರಿಸಿದರು. ಹೀಗೆ ಎಂಟು ತಿಂಗಳು. ದಿನಚರಿ ಮಾತ್ರ ಅಚ್ಚುಕಟ್ಟು. ಒಂದು ದಿನ ತಡವಿಲ್ಲ, ಒಂದು ರಜೆಯಿಲ್ಲ.

ಒಂಬತ್ತನೇ ತಿಂಗಳು ಕಡತ ಅಂತೂ ಅಕ್ಕನ ಕೋಣೆಗೆ ಹೊರಟಿತು. ನಾನೇ ಹೊತ್ತುಕೊಂಡು ಹೋದೆ. ಅವಳ ಮೇಜಿನ ಮೇಲೆ ಮುನ್ನೂರು ಹಾಳೆ, ಎಲ್ಲ ಅವಳದೇ ಅಕ್ಷರ.

"ಏನಕ್ಕಾ ಇದು?"

"ಕಾದಂಬರಿ ಕಣೋ. ದಿನಾ ಏಳು ಗಂಟೆ ಸುಮ್ನೆ ಕೂತು ಏನ್ ಮಾಡ್ಲಿ? ನಿನ್ನೆ ಮುಗೀತು."

ಭಾವ ಎದ್ದು ಬಂದರು. ನಿಂತುಕೊಂಡೇ ಹತ್ತು ಹಾಳೆ ಓದಿದರು, ಆಮೇಲೆ ಕುರ್ಚಿ ಎಳೆದುಕೊಂಡು ಸಂಜೆಯವರೆಗೆ.

"ಚೆನ್ನಾಗಿದೆ ಕಣೇ," ಅಂದರು ಕೊನೆಗೆ. "ನನ್ನ ಕೈಲಿ ಆಗ್ತಿರಲಿಲ್ಲ." ಹಾಳೆಗಳನ್ನು ಜೋಡಿಸಿಟ್ಟು ಕೇಳಿದರು, "ಇದಕ್ಕೆ ಮಂಜೂರಾತಿ ಯಾರದು?"

"ಬರೆದವಳು ನಾನು. ನೀವೇ ಮಾಡಿ ಮತ್ತೆ."

ಭಾವ ಜೇಬಿನಿಂದ ಪೆನ್ನು ತೆಗೆದರು. ಇಪ್ಪತ್ತೆಂಟು ವರ್ಷ ಕಡತ ಮೇಲಕ್ಕೆ ಕಳಿಸಿದ್ದೇ ಬಂತು, ಕೊನೆಯ ಸಹಿ ಒಂದು ದಿನವೂ ಅವರದಾಗಿರಲಿಲ್ಲ. "ಓದಿದೆ. ಮಂಜೂರು ಮಾಡಿದೆ" ಎಂದು ಬರೆದು, ಉದ್ದಕ್ಕೆ ಸಹಿ ಎಳೆದರು.

ಪುಸ್ತಕದ ಕೊನೆಯ ಪುಟದಲ್ಲಿ ಆ ಸಹಿಯೂ ಅಚ್ಚಾಯಿತು. ಬಿಡುಗಡೆಯ ದಿನ ಹಳೆಯ ಆಫೀಸಿನವರೆಲ್ಲ ಬಂದು ಮೊದಲು ಅದನ್ನೇ ತೆರೆದು ನೋಡಿದರು. "ಅಂತೂ ಸಾಧಿಸಿಬಿಟ್ರಿ ಸಾರ್!" ಎಂದು ಭಾವನ ಕೈ ಕುಲುಕಿದರು. ಭಾವ ಕಣ್ಣೊರೆಸಿಕೊಂಡು, "ಸುಲಭ ಇರಲಿಲ್ಲ" ಅಂದರು. ಚಪ್ಪಾಳೆ ಬಿತ್ತು. ಅಕ್ಕನೂ ತಟ್ಟಿದಳು.